ಅಪ್ಪ ಬರೆದ ಇಂಗ್ಲಿಷ್ ವೇಳಾಪಟ್ಟಿ

ಟೋಕಿಯೊ
ಶೋವಾ 39 (1964), ಫೆಬ್ರವರಿ 9

ಅಪ್ಪನಿಗೆ ಫುಸಾಕೊ ಮಾಡುವ ನಮಸ್ಕಾರ.

ಕಮಿಸವಾದಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಏರಿದೆ ಎಂದು ಅಮ್ಮ ಬರೆದಿದ್ದಳು. ಇಲ್ಲಿ ಹಿಮವಿಲ್ಲ, ಬರೀ ಧೂಳು. ಅಕ್ಟೋಬರಿನ ಒಲಿಂಪಿಕ್ಸ್‌ಗೆಂದು ಊರನ್ನೆಲ್ಲ ಅಗೆದು ಹಾಕಿದ್ದಾರೆ. ನಿನ್ನೆ ಇದ್ದ ರಸ್ತೆ ಇವತ್ತು ಇರುವುದಿಲ್ಲ. ಪ್ರವಾಸಿ ಬಸ್ಸಿನ ಗೈಡ್ ಆದ ನಾನೇ ಈ ವಾರ ಎರಡು ಸಲ ದಾರಿ ತಪ್ಪಿದೆ. ಇದನ್ನು ದಯವಿಟ್ಟು ನಿಮ್ಮ ರೈಲು ನಿಲ್ದಾಣದಲ್ಲಿ ಯಾರ ಮುಂದೆಯೂ ಹೇಳಬೇಡಿ.

ಈಗ ವಿಷಯಕ್ಕೆ ಬರುತ್ತೇನೆ. ಒಲಿಂಪಿಕ್ಸ್ ನೋಡಲು ಬರುವ ವಿದೇಶಿಯರಿಗಾಗಿ ನಮ್ಮ ಕಂಪನಿ ಆರು ಹೊಸ ಬಸ್ಸು ಬಿಡುತ್ತದೆ. ನಾವು ನಲವತ್ತು ಹುಡುಗಿಯರಿದ್ದೇವೆ, ಅವರಿಗೆ ಬೇಕಾಗಿರುವುದು ಹನ್ನೆರಡು. ಆಗಸ್ಟ್ ಕೊನೆಗೆ ಪರೀಕ್ಷೆ. ಅಲ್ಲಿಯವರೆಗೆ ವಾರಕ್ಕೆ ಮೂರು ದಿನ ನಾಗುಮೊ ಮೇಷ್ಟ್ರು ಇಂಗ್ಲಿಷ್ ಕಲಿಸುತ್ತಾರೆ. ಅದೂ ಎಲ್ಲ ಇಂಗ್ಲಿಷ್ ಅಲ್ಲ, ಹೊತ್ತಿಗೆ ಸಂಬಂಧಪಟ್ಟ ಇಂಗ್ಲಿಷ್ ಮಾತ್ರ. ಬಸ್ಸಿನಲ್ಲಿ ಕೂತ ವಿದೇಶಿಯರು ಕೇಳುವುದು ಮೂರೇ ಪ್ರಶ್ನೆಯಂತೆ: ಯಾವಾಗ ಹೊರಡುತ್ತದೆ, ಎಷ್ಟು ಹೊತ್ತು ನಿಲ್ಲುತ್ತದೆ, ಯಾವಾಗ ವಾಪಸ್ ಬಿಡುತ್ತೀರಿ.

ಗಂಟೆ ನಿಮಿಷ ಹೇಳುವುದನ್ನು ನಾನು ನಾಲ್ಕೇ ದಿನದಲ್ಲಿ ಕಲಿತೆ. ಸ್ಟೇಷನ್ ಮಾಸ್ಟರರಾದ ನಿಮ್ಮ ಮಗಳಲ್ಲವೇ. ಆದರೆ ಇಂಗ್ಲಿಷಿನವರು ಗಡಿಯಾರ ಕೈಯಲ್ಲಿ ಕಟ್ಟಿಕೊಂಡೂ ಗಂಟೆ ನಿಮಿಷದಲ್ಲಿ ಮಾತಾಡುವುದಿಲ್ಲ, ಅಪ್ಪ. ಸೂನ್ ಎನ್ನುತ್ತಾರೆ, ಇನ್ ಎ ವೈಲ್ ಎನ್ನುತ್ತಾರೆ, ಎ ಮೊಮೆಂಟ್ ಎನ್ನುತ್ತಾರೆ, ಲೇಟರ್ ಎನ್ನುತ್ತಾರೆ. ಎಲ್ಲವೂ ‘ಇನ್ನು ಸ್ವಲ್ಪ ಹೊತ್ತು’ ಎಂದೇ ಅರ್ಥವಂತೆ. ಯಾವುದು ಎಷ್ಟು ಸ್ವಲ್ಪ ಎಂದು ಕೇಳಿದರೆ ಮೇಷ್ಟ್ರು ಹಲ್ಲಿನ ಸೆಟ್ಟನ್ನು ನಾಲಿಗೆಯಿಂದ ಸರಿಮಾಡಿಕೊಂಡು, “ಅದು ರೂಢಿಯಿಂದ ಬರುತ್ತಮ್ಮಾ” ಅನ್ನುತ್ತಾರೆ. ನನಗೆ ತಲೆ ಚಿಟ್ಟು ಹಿಡಿದಿದೆ.

ಹೋದ ವರ್ಷ ಹೊರಡುವಾಗ ಕೊಟ್ಟ ಮಾತು ನೆನಪಿದೆ. ವಿದೇಶಿಯರ ಬಸ್ಸು ಸಿಕ್ಕರೆ ಇಲ್ಲಿ ಇರುತ್ತೇನೆ. ಸಿಗದಿದ್ದರೆ ಒಲಿಂಪಿಕ್ಸ್ ಮುಗಿದ ಮರುವಾರವೇ ಊರಿಗೆ ಬಂದು ನಿಮ್ಮ ನಿಲ್ದಾಣದ ಟಿಕೆಟ್ ಕಿಟಕಿಯಲ್ಲಿ ಕೂರುತ್ತೇನೆ, ರೈತರ ಸಂಘದ ಇಗರಾಶಿಯವರ ಸಂಬಂಧಕ್ಕೂ ಒಪ್ಪುತ್ತೇನೆ. ಅವರು ಒಳ್ಳೆಯವರೇ. ಆದರೆ ಗೊಬ್ಬರ ಬಿಟ್ಟು ಬೇರೆ ಮಾತೇ ಅವರಿಗೆ ಬರುವುದಿಲ್ಲ.

ನಿಮ್ಮ ಮಗಳು
ಫುಸಾಕೊ


ಕಮಿಸವಾ ನಿಲ್ದಾಣ
ಶೋವಾ 39, ಫೆಬ್ರವರಿ 20

ಫುಸಾಕೊ,

ಪತ್ರ ತಲುಪಿತು. ಹಿಮ 1 ಮೀಟರ್ 62 ಸೆಂಟಿಮೀಟರ್. ರೈಲುಗಳು ಸರಿಯಾದ ಹೊತ್ತಿಗೆ ಓಡುತ್ತಿವೆ. ನಿನ್ನ ತಾಯಿ ಕ್ಷೇಮ.

ನೀನು ಬರೆದದ್ದನ್ನು ಎರಡು ಸಲ ಓದಿದೆ. ಹೊತ್ತಿಗೆ ಇಷ್ಟೊಂದು ಹೆಸರು ಏಕೆ ಬೇಕು ಎಂಬುದು ನನಗೆ ಅರ್ಥವಾಗಲಿಲ್ಲ. ರೈಲ್ವೆಯಲ್ಲಿ ಗಂಟೆ ಇದೆ, ನಿಮಿಷ ಇದೆ, ಅದಕ್ಕಿಂತ ಚಿಕ್ಕದು ಬೇಕಾದರೆ ಹದಿನೈದು ಸೆಕೆಂಡ್ ಇದೆ. ಇಪ್ಪತ್ತೇಳು ವರ್ಷದ ನೌಕರಿಯಲ್ಲಿ ನನಗೆ ನಾಲ್ಕನೆಯದು ಬೇಕಾಗಿಲ್ಲ.

ಆದರೂ ಇಲ್ಲಿಯ ಶಾಲೆಯ ಇಂಗ್ಲಿಷ್ ಮೇಷ್ಟ್ರನ್ನು ನಿಲ್ದಾಣಕ್ಕೆ ಕರೆಸಿದೆ. ಸೂನ್ ಎಂದರೆ ಎಷ್ಟು ನಿಮಿಷ ಎಂದು ಕೇಳಿದೆ. ‘ಬೇಗ’ ಎಂದರು. ಬೇಗ ಎಂದರೆ ಎಷ್ಟು ನಿಮಿಷ ಎಂದೆ. ಟೀ ಕುಡಿದು, ತರಗತಿಗೆ ಹೊತ್ತಾಯಿತು ಎಂದು ಹೇಳಿ ಎದ್ದು ಹೋದರು. ಅವತ್ತು ಭಾನುವಾರ.

ಹಾಗಾಗಿ ನಾನೇ ಕೂತು ಒಂದು ವೇಳಾಪಟ್ಟಿ ಮಾಡಿದ್ದೇನೆ. ರೈಲುಗಳ ಓಟವನ್ನು ನಾವು ಗೆರೆಗಳಲ್ಲಿ ಬರೆಯುತ್ತೇವಲ್ಲ, ಅಡ್ಡಕ್ಕೆ ಗಂಟೆ, ಉದ್ದಕ್ಕೆ ನಿಲ್ದಾಣ, ಓರೆಗೆರೆ ಎಂದರೆ ರೈಲು; ಅದೇ ಹಾಳೆಯ ಹಿಂಬದಿಯಲ್ಲಿ ಇಂಗ್ಲಿಷ್ ಪದಗಳನ್ನು ಗೆರೆ ಹಾಕಿ ಬರೆದಿದ್ದೇನೆ. ಲಗತ್ತಿಸಿದೆ. ಎ ಮೊಮೆಂಟ್ ಹದಿನೈದು ಸೆಕೆಂಡ್, ಅದಕ್ಕಿಂತ ಚಿಕ್ಕದು ನಮ್ಮಲ್ಲಿ ಇಲ್ಲ. ಸೂನ್ ನಾಲ್ಕು ನಿಮಿಷ: ರೈಲು ಸುರಂಗ ಬಿಟ್ಟಿತೆಂದು ನಾನು ಕೂಗುವುದಕ್ಕೂ ಅದು ಪ್ಲಾಟ್‌ಫಾರ್ಮಿಗೆ ಬರುವುದಕ್ಕೂ ನಡುವಿನ ಹೊತ್ತು. ಇನ್ ಎ ವೈಲ್ ಇಪ್ಪತ್ತು ನಿಮಿಷ: ಎದುರಿನ ರೈಲಿಗಾಗಿ ಮುಂದಿನ ನಿಲ್ದಾಣದಲ್ಲಿ ಕಾಯುವಷ್ಟು. ಲೇಟರ್ ಒಂದು ಗಂಟೆ ಮೂವತ್ತು ನಿಮಿಷ. ಇನ್ ನೋ ಟೈಮ್ ಎಂದು ಇನ್ನೊಂದು ಪದವಿದೆಯಂತೆ. ಅದನ್ನು ಪಟ್ಟಿಗೆ ಸೇರಿಸಿಲ್ಲ. ಹೊತ್ತೇ ಹಿಡಿಯದೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಯಾವ ವಾಹನವೂ ಹೋಗಲಾರದು.

ಇದನ್ನು ಬಾಯಿಪಾಠ ಮಾಡು.

ಹೊಶಿ ತೊಕುಜಿ
ಸಂಜೆ 6 ಗಂಟೆ 41 ನಿಮಿಷ 30 ಸೆಕೆಂಡ್

ಅಂಚಿನಲ್ಲಿ ಅಮ್ಮನ ಕೈಬರಹ: ಮೂರು ಸಂಜೆ ಇದನ್ನೇ ಗೀಚುತ್ತಾ ಕೂತಿದ್ದರು. ಊಟಕ್ಕೆ ಕರೆದರೆ “ಸೂನ್” ಅಂದರು. ನಾಲ್ಕು ನಿಮಿಷಕ್ಕೆ ಸರಿಯಾಗಿ ಬಂದರು. ಬೆಚ್ಚಗಿರು. — ತೊಮೆ


ಟೋಕಿಯೊ
ಮಾರ್ಚ್ 15

ಅಪ್ಪ,

ನಿಮ್ಮ ವೇಳಾಪಟ್ಟಿ ನಮ್ಮ ಹಾಸ್ಟೆಲನ್ನೇ ಗೆದ್ದುಬಿಟ್ಟಿದೆ. ನಾನು ಯಾರಿಗೂ ತೋರಿಸಬಾರದೆಂದಿದ್ದೆ, ಪಕ್ಕದ ಹಾಸಿಗೆಯವಳು ಕದ್ದು ನೋಡಿದಳು. ಸಂಜೆಯೊಳಗೆ ನಲವತ್ತು ಜನವೂ ನಕಲು ಮಾಡಿಕೊಂಡರು. ಈಗ ಒಂದು ಪ್ರತಿ ಮುಖ ತೊಳೆಯುವ ಕೋಣೆಯ ಕನ್ನಡಿಯ ಪಕ್ಕದಲ್ಲಿದೆ. ಹಲ್ಲುಜ್ಜುತ್ತಾ ಸೂನ್ ನಾಲ್ಕು, ವೈಲ್ ಇಪ್ಪತ್ತು ಎಂದು ಹೇಳಿಕೊಳ್ಳುತ್ತೇವೆ. ನಾಗುಮೊ ಮೇಷ್ಟ್ರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು, ಹಲ್ಲಿನ ಸೆಟ್ಟು ಕೈಗೇ ಬಂತು. ತಪ್ಪೋ ಸರಿಯೋ ಎಂದು ಮಾತ್ರ ಅವರು ಹೇಳಲಿಲ್ಲ.

ಈಗ ಮೊದಲ ಸಲ ಧೈರ್ಯ ಬಂದಿದೆ. ಎಷ್ಟೆಂದು ಗೊತ್ತಾದ ಮೇಲೆ ಪದದ ಭಯ ಹೋಗುತ್ತದೆ.

ಒಂದು ಮಾತು ಕೇಳಬೇಕಿತ್ತು. ಟಿಕೆಟ್ ಕಿಟಕಿಯ ಕುರ್ಚಿ ಇನ್ನೂ ಖಾಲಿಯೇ ಇದೆಯೇ? ಬೇರೆ ಯಾರಾದರೂ ಕೇಳಿದರೆ ನನಗೋಸ್ಕರ ತಡೆಹಿಡಿಯಬೇಡಿ. ತಡೆಹಿಡಿದಿದ್ದರೆ ಬೇಡವೆನ್ನುವುದಿಲ್ಲ. ನನಗೇ ಏನು ಬೇಕೆಂದು ಗೊತ್ತಿಲ್ಲದ ಹಾಗಿದೆ ಈ ವಾಕ್ಯ, ಕ್ಷಮಿಸಿ.

ಫುಸಾಕೊ


ಕಮಿಸವಾ ನಿಲ್ದಾಣ
ಏಪ್ರಿಲ್ 2

ಫುಸಾಕೊ,

ಹಿಮ 40 ಸೆಂಟಿಮೀಟರಿಗೆ ಇಳಿದಿದೆ. ರೈಲುಗಳು ಸರಿಯಾದ ಹೊತ್ತಿಗೆ.

ಕುರ್ಚಿ ಖಾಲಿ ಇದೆ. ದಿನವೂ ಒರೆಸಿಡುತ್ತೇನೆ. ಕಾಲಿಗೆ ಬಿಸಿ ತಾಗಲೆಂದು ಕೆಳಗೆ ಕೆಂಡದ ಮಡಕೆಯನ್ನೂ ಇಟ್ಟಿದೆ. ಇಗರಾಶಿ ಮೊನ್ನೆ ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕಿ ನಿನ್ನ ವಿಚಾರ ಕೇಳಿದರು. ಈ ವರ್ಷ ಮೀನಿನ ಪುಡಿಯ ಗೊಬ್ಬರ ಚೆನ್ನಾಗಿದೆಯಂತೆ, ನಿನಗೆ ತಿಳಿಸಲು ಹೇಳಿದರು.

ಆದ್ದರಿಂದ ಓದು.

ಹೊಶಿ ತೊಕುಜಿ
ಮಧ್ಯಾಹ್ನ 1 ಗಂಟೆ 8 ನಿಮಿಷ


ಟೋಕಿಯೊ
ಮೇ 18

ಅಪ್ಪ,

ಎಲ್ಲ ಹಾಳಾಯಿತು. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದಿ.

ಮೊನ್ನೆ ಶನಿವಾರ ಅಭ್ಯಾಸಕ್ಕೆಂದು ನನಗೆ ಹದಿನಾಲ್ಕು ಜನ ನಿಜವಾದ ವಿದೇಶಿಯರನ್ನು ಕೊಟ್ಟರು. ಅಸಾಕುಸಾ ದೇವಾಲಯದ ಮುಂದೆ ನಲವತ್ತು ನಿಮಿಷ ನಿಲುಗಡೆ. ಹೊರಡುವ ಹೊತ್ತಿಗೆ ಹತ್ತು ಜನ ಕೂತಿದ್ದರು. ಅಮೆರಿಕದ ದಂಪತಿ ಬಾಗಿಲವರೆಗೆ ಬಂದು ಎ ಮೊಮೆಂಟ್ ಎಂದು ಹೇಳಿ ಫೋಟೋ ತೆಗೆಯಲು ವಾಪಸ್ ಹೋದರು. ಇನ್ನಿಬ್ಬರು ಹೆಂಗಸರು ಅಂಗಡಿಯ ಮುಂದಿನಿಂದಲೇ ಕೈಬೀಸಿ ಸೂನ್ ಎಂದು ಕೂಗಿದರು.

ನಾನು ಗಡಿಯಾರ ಹಿಡಿದು ನಿಂತೆ. ಹದಿನೈದು ಸೆಕೆಂಡ್ ಆಯಿತು. ನಾಲ್ಕು ನಿಮಿಷವೂ ಆಯಿತು. ನನ್ನ ಕಡೆಯಿಂದ ಇನ್ನೊಂದು ನಿಮಿಷ ಕೊಟ್ಟೆ. ಬರಲಿಲ್ಲ. ಹೇಳಿದ ಹೊತ್ತಿಗೆ ಬಾರದವರು ಬೇರೆ ಏನೋ ಏರ್ಪಾಡು ಮಾಡಿಕೊಂಡಿದ್ದಾರೆ, ಬಸ್ಸು ಬೇಡವಾಗಿದೆ ಎಂದೇ ಅಲ್ಲವೇ ನಾವು ತಿಳಿಯುವುದು? ನಾನೂ ಹಾಗೇ ತಿಳಿದೆ. ಸೀಟಿ ಊದಿದೆ. ಬಸ್ಸು ಹೊರಟಿತು.

ಆ ನಾಲ್ವರನ್ನು ಪೊಲೀಸರೊಬ್ಬರು ಒಂದು ಗಂಟೆಯ ಮೇಲೆ ನಮ್ಮ ಕಚೇರಿಗೆ ಕರೆತಂದರು. ಅವರೇನೋ ಅಕ್ಕಿಯ ಗರಿಗರಿ ಬಿಲ್ಲೆ ತಿನ್ನುತ್ತಾ ಖುಷಿಯಾಗೇ ಇದ್ದರು, ಪೊಲೀಸರ ಟೋಪಿ ಹಾಕಿಕೊಂಡು ಫೋಟೋ ಬೇರೆ ತೆಗೆಸಿಕೊಂಡಿದ್ದರು. ನಮ್ಮ ವಿಭಾಗದ ಮುಖ್ಯಸ್ಥರು ಖುಷಿಯಾಗಿರಲಿಲ್ಲ. ಎಲ್ಲರ ಮುಂದೆ ನನ್ನನ್ನು ನಿಲ್ಲಿಸಿ, “ಪ್ರಯಾಣಿಕರನ್ನ ಬಿಟ್ಟು ಬಂದವಳಿಗೆ ಪರೀಕ್ಷೆಗೆ ಕೂರೋ ಅರ್ಹತೆ ಇದೆಯಾ ಅನ್ನೋದನ್ನ ಯೋಚನೆ ಮಾಡ್ತೀವಿ” ಎಂದರು.

ಪರೀಕ್ಷೆಗೇ ಕೂರಿಸದಿದ್ದರೆ ನವೆಂಬರಿನಲ್ಲಿ ನಾನು ಅಲ್ಲಿರುತ್ತೇನೆ. ಕೆಂಡದ ಮಡಕೆಗೆ ಇದ್ದಿಲು ತರಿಸಿಡಿ.

ಫುಸಾಕೊ


ಕಮಿಸವಾ ನಿಲ್ದಾಣ
ಮೇ 22

ಫುಸಾಕೊ,

ನಿನ್ನ ತಪ್ಪಿಲ್ಲ. ವೇಳಾಪಟ್ಟಿ ತಪ್ಪಿದ್ದರೆ ಅದರಂತೆ ರೈಲು ಓಡಿಸಿದವರ ಮೇಲೆ ಹೊಣೆ ಹೊರಿಸುವುದು ಅನ್ಯಾಯ. ಹೊಣೆ ಪಟ್ಟಿ ಬರೆದವನದು.

ರೈಲ್ವೆಯ ಪದ್ಧತಿಯಂತೆ ತಪ್ಪೊಪ್ಪಿಗೆಯ ವರದಿಯನ್ನು ನಿನ್ನೆಯೇ ಬರೆದು, ಮುದ್ರೆ ಒತ್ತಿ, ನಿನ್ನ ವಿಭಾಗದ ಮುಖ್ಯಸ್ಥರಿಗೆ ನೇರವಾಗಿ ಕಳುಹಿಸಿದ್ದೇನೆ. ಪ್ರತಿಯನ್ನು ನಿನ್ನ ತಿಳಿವಳಿಕೆಗಾಗಿ ಇಲ್ಲಿ ಬರೆಯುತ್ತೇನೆ.

“ಘಟನೆ: ಮೇ 16ರಂದು ಅಸಾಕುಸಾದಲ್ಲಿ ನಾಲ್ವರು ಪ್ರಯಾಣಿಕರು ಹಿಂದುಳಿದದ್ದು. ಕಾರಣ: ದೋಷಪೂರ್ಣ ಇಂಗ್ಲಿಷ್ ವೇಳಾಪಟ್ಟಿ. ಪಟ್ಟಿ ತಯಾರಿಸಿದವರು: ಕಮಿಸವಾ ಸ್ಟೇಷನ್ ಮಾಸ್ಟರ್ ಹೊಶಿ ತೊಕುಜಿ. ಬಸ್ಸಿನ ಸಿಬ್ಬಂದಿ ಪಟ್ಟಿಯನ್ನು ನಿಷ್ಠೆಯಿಂದ ಪಾಲಿಸಿದ್ದಾರೆ, ಅವರ ಲೋಪವಿಲ್ಲ. ಮರುಕಳಿಸದಂತೆ ಕ್ರಮ: ತಯಾರಿಸಿದವರು ಪಟ್ಟಿಯನ್ನು ಹಿಂಪಡೆದಿದ್ದಾರೆ, ಮತ್ತು ಆ ಭಾಷೆಯಲ್ಲಿ ಹೊತ್ತನ್ನು ಹೇಗೆ ಅಳೆಯುತ್ತಾರೆಂದು ಖುದ್ದಾಗಿ ವಿಚಾರಿಸಿ ತಿಳಿಯುವರು. ತಮ್ಮಲ್ಲಿ ಆಳವಾಗಿ ಕ್ಷಮೆ ಕೋರುತ್ತೇನೆ.”

ಮುಖ ತೊಳೆಯುವ ಕೋಣೆಯ ಪ್ರತಿಯನ್ನು ಕೂಡಲೇ ಕಿತ್ತುಹಾಕು.

ಹೊಶಿ ತೊಕುಜಿ
ಬೆಳಿಗ್ಗೆ 5 ಗಂಟೆ 50 ನಿಮಿಷ


ಟೋಕಿಯೊ
ಜೂನ್ 1

ಅಪ್ಪ,

ನಿಮ್ಮ ವರದಿಯನ್ನು ಮುಖ್ಯಸ್ಥರು ಬೆಳಗಿನ ಹಾಜರಿಯಲ್ಲಿ ಎಲ್ಲರಿಗೂ ಜೋರಾಗಿ ಓದಿ ಹೇಳಿದರು. ನಲವತ್ತು ಹುಡುಗಿಯರು, ಒಂಬತ್ತು ಚಾಲಕರು, ಟೀ ತರುವ ಅಜ್ಜಿ. ಈಗ ನಾನು ಮೆಟ್ಟಿಲಿಳಿದರೆ ಎಲ್ಲರೂ ರೈಲ್ವೆಯವರಂತೆ ಸೆಲ್ಯೂಟ್ ಹೊಡೆಯುತ್ತಾರೆ.

ನನಗೆ ಇಪ್ಪತ್ತು ವರ್ಷ. ನಾನು ಸ್ಟೇಷನ್ ಮಾಸ್ಟರ ಸಹಿ ಬೇಕಾದ ಪಾರ್ಸೆಲ್ ಅಲ್ಲ. ಸೀಟಿ ಊದಿದವಳು ನಾನು, ಆ ತಪ್ಪನ್ನಾದರೂ ನನಗೆ ಬಿಟ್ಟುಕೊಡಬಹುದಿತ್ತು.

ಸದ್ಯಕ್ಕೆ ಬರೆಯುವುದಿಲ್ಲ.

ಫುಸಾಕೊ


ಕಮಿಸವಾ ನಿಲ್ದಾಣ
ಜುಲೈ 14

ಫುಸಾಕೊ,

ನಿನ್ನ ಪತ್ರ ಬಂದು ನಲವತ್ತೊಂದು ದಿನ. ಮಳೆ ನಿಂತಿದೆ. ರೈಲುಗಳು ಸರಿಯಾದ ಹೊತ್ತಿಗೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ನೀನು ಬರೆದದ್ದು ಸರಿ. ವರದಿ ಕಳುಹಿಸುವ ಮೊದಲು ನಿನ್ನನ್ನು ಕೇಳಬೇಕಿತ್ತು. ಈ ತಪ್ಪಿಗೆ ಯಾವ ನಮೂನೆಯೂ ನಮ್ಮಲ್ಲಿಲ್ಲ, ಹಾಗಾಗಿ ಸುಮ್ಮನೆ ಬರೆಯುತ್ತಿದ್ದೇನೆ. ತಪ್ಪಾಯಿತು.

ವರದಿಯಲ್ಲಿ ಮಾತು ಕೊಟ್ಟಿದ್ದರಿಂದ ವಿಚಾರಣೆಗೆ ಹೋದೆ. ವಾಕಮಾತ್ಸುವಿನ ಇಗರ್ಜಿಯಲ್ಲಿ ಡೋಲನ್ ಎಂಬ ಐರ್ಲೆಂಡಿನ ಪಾದ್ರಿ ಇದ್ದಾರೆ. ನನ್ನ ರಜೆಯ ದಿನ ಒಂದು ಗಂಟೆ ಎಂಟು ನಿಮಿಷ ರೈಲಿನಲ್ಲಿ ಕೂತು ಅಲ್ಲಿಗೆ ಹೋದೆ. ಅವರು ಸೌತೆ ಬಳ್ಳಿಗೆ ಕಡ್ಡಿ ಕಟ್ಟುತ್ತಿದ್ದರು. ನಮ್ಮ ಭಾಷೆ ನಮ್ಮ ಕಡೆಯವರ ಹಾಗೇ ಎಳೆದು ಮಾತಾಡುತ್ತಾರೆ. ನಿನ್ನ ಬಸ್ಸಿನ ಕಥೆಯನ್ನೆಲ್ಲ ಹೇಳಿ, ಪಟ್ಟಿಯನ್ನು ತೋರಿಸಿದೆ. ಅವರು ನಗಲಿಲ್ಲ. ಕೈ ಒರೆಸಿಕೊಂಡು ಪೂರ್ತಿ ಓದಿದರು. ಬಹಳ ಅಚ್ಚುಕಟ್ಟಾಗಿದೆ, ಇಂಗ್ಲಿಷ್ ಮಾತಾಡುವವರೆಲ್ಲ ಇದನ್ನು ಕಲಿತರೆ ಲೋಕಕ್ಕೆ ಒಳ್ಳೆಯದು ಎಂದರು. ಆಮೇಲೆ ಹೀಗೆ ಹೇಳಿದರು:

“ಹೊಶಿಯವರೇ, ನಮ್ಮಮ್ಮ ಪ್ರತಿ ಪತ್ರದಲ್ಲೂ ಸೂನ್ ನಿನ್ನ ನೋಡ್ತೀನಿ ಅಂತ ಬರೀತಾಳೆ. ಹನ್ನೊಂದು ವರ್ಷ ಆಯ್ತು. ಅವಳೇನೂ ಸುಳ್ಳು ಹೇಳ್ತಿಲ್ಲ.”

“ಹಾಗಾದ್ರೆ ಅದು ಎಷ್ಟು ನಿಮಿಷ?”

“ಅದು ನಿಮಿಷ ಅಲ್ಲ. ಇಂಥ ಮಾತು ಆಡಿದಾಗ ನಾವು ಗಡಿಯಾರ ನೋಡಲ್ಲ, ಆಡಿದವರ ಮುಖ ನೋಡ್ತೀವಿ.”

ಮುಖ ನೋಡಿ ರೈಲು ಬಿಡಲಾಗುವುದಿಲ್ಲ ಎಂದು ನಾನು ವಾದ ಮಾಡಿದೆ. ಅವರು ಎರಡು ಸೌತೆಕಾಯಿ ಕೊಟ್ಟು ಕಳುಹಿಸಿದರು.

ವಾಪಸ್ ಬರುವಾಗ ರೈಲಿನಲ್ಲಿ ನನಗೆ ಸಮಾಧಾನವಿರಲಿಲ್ಲ. ಏಕೆಂದರೆ ನಾನು ಪಾದ್ರಿಯ ಮುಂದೆ ಸುಳ್ಳು ಹೇಳಿ ಬಂದಿದ್ದೆ. ಇದನ್ನು ನಿನಗೆ ಬರೆಯುತ್ತೇನೆ, ಓದಿ ಒಲೆಗೆ ಹಾಕು.

ಬೆಳಿಗ್ಗೆ 7 ಗಂಟೆ 12 ನಿಮಿಷದ ರೈಲಿಗೆ ಮೇಲಿನ ಹಳ್ಳಿಯ ಸೊಪ್ಪು ಮಾರುವ ಹೆಂಗಸರು ಬುಟ್ಟಿ ಬೆನ್ನಿಗೇರಿಸಿಕೊಂಡು ಬರುತ್ತಾರಲ್ಲ. ಹಿಮದ ದಿನಗಳಲ್ಲಿ ಅವರು ಇಳಿಜಾರಿನ ತಿರುವಿನಲ್ಲಿ ಕಾಣಿಸುವಾಗಲೇ 7 ಗಂಟೆ 12 ಆಗಿರುತ್ತದೆ. ಆಗ ನಾನು ಜೇಬಿನ ಗಡಿಯಾರದ ಗಾಜು ಮಸುಕಾಗಿದೆ ಎಂದು ಅದನ್ನು ಒರೆಸುತ್ತೇನೆ. ಗಾಜು ಒರೆಸದೆ ಹೊತ್ತು ನೋಡುವುದು ನಿಯಮಕ್ಕೆ ವಿರುದ್ಧ. ಅವರು ಹತ್ತಿದ ಮೇಲೆ ಗಾಜು ಸ್ವಚ್ಛವಾಗುತ್ತದೆ. ಕೆಲವು ದಿನ ನಲವತ್ತು ಸೆಕೆಂಡ್ ಒರೆಸಿದ್ದೇನೆ. ಚಾಲಕರಿಗೆ ಗೊತ್ತು. ನದಿಯ ಕಡೆಯ ಇಳಿಜಾರಿನಲ್ಲಿ ಹೊತ್ತನ್ನು ಸರಿದೂಗಿಸಿಕೊಳ್ಳುತ್ತಾರೆ, ಬಾಯಿ ಬಿಡುವುದಿಲ್ಲ. ಇಪ್ಪತ್ತೇಳು ವರ್ಷದಿಂದ ‘ಸರಿಯಾದ ಹೊತ್ತಿಗೆ’ ಎಂದು ದಾಖಲೆಯಲ್ಲಿ ಬರೆಯುತ್ತಾ ಬಂದಿದ್ದೇನೆ.

ನೀನೂ ಮೂರು ವರ್ಷ ಅದೇ ರೈಲಿನಲ್ಲಿ ಹೈಸ್ಕೂಲಿಗೆ ಹೋದೆ. ಜಡೆ ಅರ್ಧ ಹೆಣೆದು, ಬಾಯಲ್ಲಿ ಅನ್ನದ ಉಂಡೆ ಕಚ್ಚಿಕೊಂಡು ಓಡಿ ಬರುತ್ತಿದ್ದೆ. ಒಂದು ದಿನವೂ ರೈಲು ತಪ್ಪಲಿಲ್ಲ. ಅದು ನಿನ್ನ ಕಾಲಿನ ಚುರುಕು ಎಂದು ನೀನು ಇವತ್ತಿಗೂ ನಂಬಿದ್ದೀಯೆ.

ಹೊಶಿ ತೊಕುಜಿ

ಅಂಚಿನಲ್ಲಿ ಅಮ್ಮನ ಕೈಬರಹ: ಈ ಸಲ ಸಹಿಯ ಕೆಳಗೆ ಗಂಟೆ ಬರೆಯುವುದನ್ನೇ ಮರೆತಿದ್ದಾರೆ. ನಾನು ನೆನಪಿಸಲಿಲ್ಲ. ಇಷ್ಟು ದಿನ ಮುನಿಸಿಕೊಂಡದ್ದು ಸಾಕು, ಬರಿ. — ತೊಮೆ


ಟೋಕಿಯೊ
ಆಗಸ್ಟ್ 29

ಅಪ್ಪ,

ಆ ಪತ್ರವನ್ನು ಒಲೆಗೆ ಹಾಕಲಿಲ್ಲ. ತಾರಸಿಯಲ್ಲಿ ಬಟ್ಟೆ ಒಣಗಿಸುತ್ತಾ ಓದಿದೆ, ಓದಿ ಒದ್ದೆ ದಿಂಬಿನ ಚೀಲದಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ. ಮೂರು ವರ್ಷ, ಅಪ್ಪ! ಶಾಲೆಯ ಓಟದ ಸ್ಪರ್ಧೆಗೆ ಹೆಸರು ಕೊಟ್ಟು ನಾನು ಕೊನೆಯವಳಾಗಿ ಬಂದದ್ದೇಕೆಂದು ಈಗ ಗೊತ್ತಾಯಿತು. ಒಂದೂವರೆ ತಿಂಗಳು ಉತ್ತರ ಬರೆಯದೆ ಇದ್ದದ್ದು ಕೋಪದಿಂದಲ್ಲ, ಏನು ಬರೆದರೂ ಸಾಲದು ಎನ್ನಿಸುತ್ತಿತ್ತು.

ಮೊದಲು ಒಂದು ತಮಾಷೆ. ನನ್ನನ್ನು ಪರೀಕ್ಷೆಗೆ ಕೂರಿಸಿದ್ದು ನಿಮ್ಮ ವರದಿಯೇ. ಹೊಣೆಗಾರರು ಯಾರೆಂದು ಲಿಖಿತವಾಗಿ ಗೊತ್ತಾಗಿರುವಾಗ ಇನ್ನೊಬ್ಬರನ್ನು ಶಿಕ್ಷಿಸುವ ಹಾಗಿಲ್ಲ ಎಂದು ಮುಖ್ಯಸ್ಥರು ಹೇಳಿದರಂತೆ. ನಾನು ನಿಮಗೆ ಬರೆದ ಆ ಒರಟು ಪತ್ರವನ್ನು ನೀವಾದರೂ ಒಲೆಗೆ ಹಾಕಿ.

ಪರೀಕ್ಷೆ ಇದ್ದದ್ದು ಅರಮನೆಯ ಕಂದಕದ ಪಕ್ಕದ ತೋಟದಲ್ಲಿ. ಒಬ್ಬೊಬ್ಬರಿಗೂ ಹನ್ನೊಂದು ಜನ ವಿದೇಶಿಯರು, ಹಿಂದಿನ ಸೀಟಿನಲ್ಲಿ ಮುಖ್ಯಸ್ಥರು ಮತ್ತು ನಾಗುಮೊ ಮೇಷ್ಟ್ರು. ಹೊರಡುವ ಹೊತ್ತಿಗೆ ಹತ್ತು ಜನ ಬಂದರು. ಒಬ್ಬ ಇಂಗ್ಲೆಂಡಿನ ಅಜ್ಜಿ ದೂರದ ಬೆಂಚಿನಲ್ಲಿ ಕೂತೇ ಇದ್ದರು. ಓಡಿಹೋಗಿ ಕೇಳಿದೆ. ನಗುತ್ತಾ ಜಸ್ಟ್ ಎ ಮಿನಿಟ್ ಎಂದರು.

ನಾನು ಗಡಿಯಾರ ನೋಡಲಿಲ್ಲ, ಮುಖ ನೋಡಿದೆ. ಬಾಯಿ ನಗುತ್ತಿತ್ತು, ಹಣೆಯ ಮೇಲೆ ಬೆವರಿತ್ತು. ಒಂದು ಕಾಲನ್ನು ಬೆಂಚಿನ ಕೆಳಗೆ ಮರೆಮಾಡಿದ್ದರು. ಬಗ್ಗಿ ನೋಡಿದರೆ ಬೂಟಿನ ಹಿಂದೆ ಬೊಬ್ಬೆ ಒಡೆದು ಕಾಲುಚೀಲಕ್ಕೆ ರಕ್ತ ಹತ್ತಿತ್ತು. ಒಂದು ನಿಮಿಷವಲ್ಲ, ಇಪ್ಪತ್ತು ನಿಮಿಷವಾದರೂ ಆ ಅಜ್ಜಿ ಬಸ್ಸಿನವರೆಗೆ ನಡೆಯುವಂತಿರಲಿಲ್ಲ. ಅದನ್ನು ಹೇಳಲು ನಾಚಿಕೆ ಪಡುತ್ತಿದ್ದರು. ನಮ್ಮ ಅಜ್ಜಿಯರು ಹೇಗೋ ಹಾಗೇ.

ಚೀಲದಿಂದ ಗಾಯದ ಪಟ್ಟಿ ತೆಗೆದು ಅಂಟಿಸಿದೆ. ವಾಪಸ್ ಓಡಿ, ಚಾಲಕರಿಗೆ ಬಸ್ಸನ್ನು ಈ ಕಡೆಯ ಗೇಟಿಗೇ ತರಲು ಹೇಳಿದೆ. ಉಳಿದ ಹತ್ತು ಜನಕ್ಕೆ ಮೈಕಿನಲ್ಲಿ ಇಂಗ್ಲಿಷಿನಲ್ಲೇ ಹೇಳಿದೆ: ನಾವು ಒಂಬತ್ತು ನಿಮಿಷ ತಡವಾಗುತ್ತೇವೆ, ತಪ್ಪು ನನ್ನದು, ನೀವು ಹಂಸಗಳನ್ನು ನೋಡುತ್ತಿರಿ. ಯಾರೂ ಬೇಸರ ಮಾಡಿಕೊಳ್ಳಲಿಲ್ಲ. ಅಜ್ಜಿ ಹತ್ತಿ ಕೂತು ನನ್ನ ಕೈಯನ್ನು ಮುಂದಿನ ನಿಲುಗಡೆಯವರೆಗೂ ಬಿಡಲಿಲ್ಲ, ವಿವರಣೆಯನ್ನೆಲ್ಲ ಒಂದೇ ಕೈಯಲ್ಲಿ ಮೈಕ್ ಹಿಡಿದು ಮಾಡಿದೆ.

ನಿನ್ನೆ ಫಲಿತಾಂಶ ಹಾಕಿದರು. ಹನ್ನೆರಡರಲ್ಲಿ ನಾನು ಹನ್ನೆರಡನೆಯವಳು. ವ್ಯಾಕರಣದಲ್ಲಿ ಕಡಿಮೆ ಬಂದಿದೆಯಂತೆ. ಇರಲಿ, ಕೊನೆಯ ಡಬ್ಬಿಯೂ ರೈಲಿನ ಜೊತೆಗೇ ಹೋಗುತ್ತದೆ.

ಈಗ ಕಷ್ಟದ ಮಾತು. ಎರಡು ವರ್ಷದ ಕರಾರಿಗೆ ಸಹಿ ಹಾಕಬೇಕು, ಸೆಪ್ಟೆಂಬರ್ 10 ಕೊನೆಯ ದಿನ. ನಮ್ಮ ಒಪ್ಪಂದದ ಪ್ರಕಾರ ನಾನು ಇಲ್ಲೇ ಇರಬಹುದು. ಆದರೆ ಪೆನ್ನು ಹಿಡಿದರೆ ನೀವು ದಿನವೂ ಒರೆಸಿಡುವ ಆ ಖಾಲಿ ಕುರ್ಚಿ ಕಣ್ಣಿಗೆ ಬರುತ್ತದೆ. ನನಗಾಗಿ ಅಷ್ಟು ವರ್ಷ ರೈಲು ನಿಲ್ಲಿಸಿದವರನ್ನು ಬಿಟ್ಟು ಇರಬೇಕಲ್ಲ ಎಂದು ಪೆನ್ನು ಕೆಳಗಿಡುತ್ತೇನೆ. ನೀವು ಬಾ ಎಂದರೆ ಬಂದುಬಿಡುತ್ತೇನೆ. ಅಳುತ್ತಾ ಅಲ್ಲ, ಮನಸ್ಸಾರೆ. ಇದನ್ನು ಸುಮ್ಮನೆ ಬರೆಯುತ್ತಿಲ್ಲ, ಅಪ್ಪ. ಸಹಿ ಹಾಕದೆ ನಿಮ್ಮ ಉತ್ತರಕ್ಕೆ ಕಾಯುತ್ತಿದ್ದೇನೆ.

ಫುಸಾಕೊ


ಕಮಿಸವಾ ನಿಲ್ದಾಣ
ಸೆಪ್ಟೆಂಬರ್ 3

ಫುಸಾಕೊ,

ಫಲಿತಾಂಶ ತಿಳಿಯಿತು. ಅಭಿನಂದನೆ.

ಸಹಿ ಹಾಕು. ಒಪ್ಪಂದ ಒಪ್ಪಂದವೇ. ಕುರ್ಚಿಗೆ ಬೇರೆ ಯಾರನ್ನಾದರೂ ನೋಡಿಕೊಳ್ಳುತ್ತೇನೆ, ಅದೇನು ಕಷ್ಟವಲ್ಲ. ಇಗರಾಶಿಗೂ ವಿಷಯ ತಿಳಿಸುತ್ತೇನೆ, ಅವರು ತಪ್ಪು ತಿಳಿಯಲಿಕ್ಕಿಲ್ಲ. ನಮ್ಮ ಕಡೆ ಏನೂ ತೊಂದರೆ ಇಲ್ಲ.

ರೈಲುಗಳು ಸರಿಯಾದ ಹೊತ್ತಿಗೆ.

ಹೊಶಿ ತೊಕುಜಿ
ಬೆಳಿಗ್ಗೆ 9 ಗಂಟೆ 20 ನಿಮಿಷ 15 ಸೆಕೆಂಡ್


ಕಮಿಸವಾ
ಸೆಪ್ಟೆಂಬರ್ 4

ಫುಸಾಕೊ ಮಗಳೇ,

ಅಂಚಿನಲ್ಲಿ ಬರೆದು ಬರೆದು ನನಗೆ ಸಾಕಾಗಿದೆ, ಈ ಸಲ ಪೂರ್ತಿ ಹಾಳೆ ನನ್ನದೇ. ನಿಮ್ಮಪ್ಪನಿಗೆ ಹೇಳಿಲ್ಲ. ಹತ್ತು ಗಂಟೆಯ ರೈಲಿನ ಕೆಲಸದಲ್ಲಿದ್ದಾರೆ, ಅಷ್ಟರಲ್ಲಿ ಮುಗಿಸಿ ಸೊಪ್ಪಿನ ಹೆಂಗಸರ ಕೈಯಲ್ಲಿ ಅಂಚೆಗೆ ಹಾಕಿಸುತ್ತೇನೆ.

ನಿನ್ನೆ ಅವರು ಬರೆದ ಪತ್ರ ನಾನೂ ಓದಿದೆ. ಅದರಲ್ಲಿ ಅಭಿನಂದನೆ ಎನ್ನುವುದೊಂದೇ ನಿಜ, ಉಳಿದದ್ದೆಲ್ಲ ಸುಳ್ಳು. ಏಪ್ರಿಲಿನಲ್ಲಿ ಬರೆದದ್ದೂ ಸುಳ್ಳು. ಒಂದು ನಿಮಿಷ ಹೆಚ್ಚು ಕಡಿಮೆ ಹೇಳದ ಮನುಷ್ಯ ಮಗಳಿಗೆ ಐದು ತಿಂಗಳಿಂದ ಹಸೀ ಸುಳ್ಳು ಬರೆಯುತ್ತಿದ್ದಾರೆ, ಮುಖದಲ್ಲಿ ಒಂದು ಗೆರೆಯೂ ಅಲ್ಲಾಡುವುದಿಲ್ಲ.

ಇಗರಾಶಿಗೆ ಫೆಬ್ರವರಿ 28ಕ್ಕೇ ಮದುವೆಯಾಯಿತು. ನಾವಿಬ್ಬರೂ ಹೋಗಿದ್ದೆವು, ಊಟ ಚೆನ್ನಾಗಿತ್ತು. ಹುಡುಗಿ ಕಿನುಎ ಅಂತ, ಕಣಿವೆಯ ಆಚೆಯವಳು. ಅವಳಿಗೂ ಗೊಬ್ಬರದ ವಿಷಯ ಚೆನ್ನಾಗಿ ಗೊತ್ತು, ಇಬ್ಬರೂ ಮಾತಾಡುತ್ತಾ ಕೂತರೆ ಏಳುವುದೇ ಇಲ್ಲ. ಇನ್ನು ಟಿಕೆಟ್ ಕಿಟಕಿ. ಮಾರ್ಚ್ ತಿಂಗಳಲ್ಲಿ, ನೀನು ಕುರ್ಚಿ ಖಾಲಿಯೇ ಎಂದು ಕೇಳಿದ ಪತ್ರ ಬಂತಲ್ಲ, ಅದರ ಮಾರನೇ ದಿನವೇ ನಿಮ್ಮಪ್ಪ ಹೋಗಿ ಆ ಕೆಲಸವನ್ನು ಕಿನುಎಗೆ ಕೊಟ್ಟು ಬಂದರು. ಆಗಿನಿಂದ ಅವಳೇ ಕೂರುತ್ತಿದ್ದಾಳೆ. ಕೆಂಡದ ಮಡಕೆ ಇಟ್ಟಿದ್ದು ಅವಳ ಕಾಲಿಗೆ. ನೀನು ನಪಾಸಾಗಿ ಬಂದಿದ್ದರೂ ಇಲ್ಲಿ ನಿನಗೆ ಕುರ್ಚಿಯೂ ಇರಲಿಲ್ಲ, ಗಂಡೂ ಇರಲಿಲ್ಲ.

ನಾನು ಸುಮ್ಮನಿದ್ದೆನೆಂದುಕೊಳ್ಳಬೇಡ. ಮಗಳಿಗೆ ಯಾಕೆ ಹೀಗೆ ಮೋಸ ಮಾಡುತ್ತೀರಿ ಎಂದು ಏಪ್ರಿಲಿನಲ್ಲೇ ಜಗಳ ತೆಗೆದೆ. “ಅವಳು ಹೆದರಿದ್ರೇನೇ ಓದೋದು, ಗೊಬ್ಬರದ ಹೆದರಿಕೆ ಒಂದಿರ್ಲಿ” ಎಂದರು. ಅದಾದರೂ ಒಪ್ಪಬಹುದು. ಕೆಲಸವನ್ನು ಇಷ್ಟು ಅವಸರದಲ್ಲಿ ಬೇರೆಯವರಿಗೆ ಯಾಕೆ ಕೊಟ್ಟಿರಿ, ನವೆಂಬರಿನವರೆಗೆ ಖಾಲಿ ಇಡಬಹುದಿತ್ತಲ್ಲ, ಬಂದರೆ ಬರುತ್ತಿದ್ದಳಲ್ಲ ಎಂದು ಕೇಳಿದೆ. ಉತ್ತರ ಕೊಡದಿದ್ದರೆ ಊಟ ಬಡಿಸುವುದಿಲ್ಲ ಎಂಬ ಹಾಗೆ ಸೌಟು ಹಿಡಿದು ನಿಂತೆ, ಬಾಯಿ ಬಿಡಲೇಬೇಕಾಯಿತು.

“ಖಾಲಿ ಇದ್ರೆ ದಿನಾ ನನ್ನ ಕಣ್ಣಿಗೆ ಬೀಳುತ್ತೆ, ತೊಮೆ. ದಿನಾ ನೋಡ್ತಾ ಇದ್ರೆ ಯಾವತ್ತೋ ಒಂದು ದಿನ ಬಾ ಅಂತ ಬರೆದುಬಿಡ್ತೀನಿ. ಬರೆದ್ರೆ ಅವಳು ಬಂದುಬಿಡ್ತಾಳೆ.”

ಆಮೇಲೆ ಮೂರು ಬಟ್ಟಲು ಅನ್ನ ಉಂಡು ಮಲಗಿದರು. ನಾನು ಉಣ್ಣಲಿಲ್ಲ.

ಕರಾರಿಗೆ ಇವತ್ತೇ ಸಹಿ ಹಾಕು. ಘಮಘಮಿಸುವ ಸಂಶೊ ಎಲೆಯಲ್ಲಿ ಊರಿಸಿದ ಒಣ ಮೀನು ಕಳುಹಿಸಿದ್ದೇನೆ, ನಲವತ್ತು ಜನಕ್ಕೆ ಹಂಚಿ ನೀನು ಖಾಲಿ ಕೈಯಲ್ಲಿ ಕೂರಬೇಡ. ಡಬ್ಬಿ ಪಕ್ಕದ ಮನೆಯವರದು, ತೊಳೆದು ವಾಪಸ್ ಕಳಿಸು.

ನಿನ್ನ ಅಮ್ಮ
ತೊಮೆ